ಕಾಂಜಿ ಓದುವುದು ಹೇಗೆ? ಕನ್ನಡ ಬಲ್ಲವರಿಗೆ ಒಂದು ಪೆನ್ಸಿಲ್ ಪಾಠ

ಕಾಂಜಿ ಅಂದರೆ ಜಪಾನಿ ಬರಹದಲ್ಲಿ ಬಳಸುವ, ಹೆಚ್ಚಾಗಿ ಚೀನಾದಿಂದ ಬಂದ, ಅರ್ಥವನ್ನು ಹೊತ್ತ ಗುರುತುಗಳು. ಅವನ್ನು ಕಲಿಯಲು ಶುರುಮಾಡಿ ಆರು ತಿಂಗಳಾಗಿತ್ತು. ಟೋಕಿಯೋದ ಒಂದು ಕಟ್ಟಡದ ಮುಂದೆ ನಿಂತು ಬೋರ್ಡ್ ಓದಿದೆ. ಜೊತೆಗಿದ್ದ ಗೆಳೆಯನಿಗೆ ಹೆಮ್ಮೆಯಿಂದ ಹೇಳಿದೆ: “ನೋಡು, ಇಲ್ಲಿ ‘ಜನಸಂಖ್ಯೆ’ ಅಂತ ಬರೆದಿದೆ.” ಅವನು ಬೋರ್ಡ್ ನೋಡಿದ, ನನ್ನ ಮುಖ ನೋಡಿದ, ನಗು ತಡೆದುಕೊಂಡ. ಅಲ್ಲಿ ಬರೆದಿದ್ದದ್ದು ‘ಒಳಗೆ ಹೋಗುವ ದಾರಿ’.

ಹಾಗೆ ಮೋಸಹೋದದ್ದು ಹೇಗೆ ಅನ್ನುವುದು ಮೂರನೇ ಹಂತದಲ್ಲಿ ನಿಮಗೇ ತಿಳಿಯುತ್ತದೆ. ಈಗ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಈ ಬರಹದಲ್ಲಿ ನಾನು ಒಂದೂ ಕಾಂಜಿಯನ್ನು ಬರೆದು ತೋರಿಸುವುದಿಲ್ಲ. ನಾನು ಹೇಳಿದಂತೆ ನೀವೇ ಗೆರೆ ಎಳೆಯಬೇಕು. ಸುಮ್ನೆ ನೋಡಿದ ಕಾಂಜಿ ಮರುದಿನಕ್ಕೆ ಮರೆತುಹೋಗುತ್ತದೆ. ಕೈಯಿಂದ ಬರೆದದ್ದು ಉಳಿಯುತ್ತದೆ.

ಹಂತ 1: ಮೊದಲು ಅಕ್ಷರ, ಆಮೇಲೆ ಕಾಂಜಿ

ಜಪಾನಿ ಬರಹದಲ್ಲಿ ಮೂರು ಲಿಪಿಗಳು ಒಟ್ಟಿಗೆ ಓಡಾಡುತ್ತವೆ: ಹಿರಗಾನ, ಕತಕಾನ, ಕಾಂಜಿ. ಮೊದಲ ಎರಡು ನಮ್ಮ ಅಕ್ಷರಗಳ ಹಾಗೆ ಸದ್ದನ್ನು ಬರೆಯುವ ಲಿಪಿಗಳು. ಒಂದೊಂದರಲ್ಲಿ 46 ಮೂಲ ಅಕ್ಷರ. ಇವು ಬಾರದೆ ಕಾಂಜಿಗೆ ಕೈಹಾಕಬೇಡಿ. ಎರಡೂ ಸೇರಿ ಒಂದು ತಿಂಗಳ ಕೆಲಸ, ಅಷ್ಟೇ.

ಕನ್ನಡದವರಿಗೆ ಇದು ಇನ್ನೂ ಸಲೀಸು. ಹಿರಗಾನದ ಸ್ವರಗಳು ಅ, ಇ, ಉ, ಎ, ಒ. ಆಮೇಲಿನ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮಂತ್ರಗಳಿಗಾಗಿ ಸಂಸ್ಕೃತದ ಸಿದ್ಧಂ ಲಿಪಿ ಕಲಿತ ಜಪಾನಿನ ಬೌದ್ಧ ಸನ್ಯಾಸಿಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋಯಿತು. ನಮ್ಮಲ್ಲಿ ‘ನ’ ಆದಮೇಲೆ ‘ಪ’ ಬರುತ್ತದೆ, ಅಲ್ಲಿ ‘ಹ’ ಬಂದಿದೆ. ಯಾಕೆ? ಅದು ಹಿಂದೆ ‘ಪ’ ಆಗಿತ್ತು! ನಮ್ಮ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಅವರ ‘ಪ’ ಕೂಡ ಕಾಲ ಕಳೆದಂತೆ ‘ಹ’ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಎರಡೂ ಲಿಪಿಗಳು ಹುಟ್ಟಿದ್ದು ಕಾಂಜಿಯಿಂದಲೇ. ಕಾಂಜಿಯನ್ನು ಬಳುಕಿಸಿ ಬೇಗಬೇಗ ಬರೆದಾಗ ಹಿರಗಾನ ಆಯಿತು. ಕಾಂಜಿಯ ಒಂದು ತುಂಡನ್ನು ಕಿತ್ತುಕೊಂಡು ಕತಕಾನ ಆಯಿತು.

ಹಂತ 2: ಒಂದು ವಾಕ್ಯದಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ

‘ನಾನು ಮೈಸೂರಿಗೆ ಹೋಗುತ್ತೇನೆ’ ಎನ್ನುವುದನ್ನು ಜಪಾನಿಯಲ್ಲಿ ‘ವತಶಿ ವ ಮೈಸೋರು ನಿ ಇಕಿಮಸು’ ಎನ್ನುತ್ತಾರೆ. ಪದಗಳ ಕ್ರಮ ನಮ್ಮದೇ. ಬರೆಯುವ ರೀತಿ ಹೀಗೆ:

‘ವತಶಿ’ ಅಂದರೆ ನಾನು. ಮೂರು ಉಚ್ಚಾರ, ಆದರೆ ಒಂದೇ ಕಾಂಜಿ. ‘ವ’ ಎನ್ನುವುದು ಪ್ರತ್ಯಯ, ಹಿರಗಾನದಲ್ಲಿ. ‘ಮೈಸೋರು’ ಹೊರಗಿನ ಹೆಸರು, ಕತಕಾನದಲ್ಲಿ. ‘ನಿ’ ನಮ್ಮ ‘ಇಗೆ’ ಇದ್ದ ಹಾಗೆ, ಮತ್ತೆ ಹಿರಗಾನ. ಕೊನೆಯ ‘ಇಕಿಮಸು’ವಿನಲ್ಲಿ ‘ಇ’ ಮಾತ್ರ ಕಾಂಜಿ, ‘ಕಿಮಸು’ ಹಿರಗಾನ.

ಅಂದರೆ ಪದದ ಬೇರು ಕಾಂಜಿಯಲ್ಲಿ, ಬಾಲ ಹಿರಗಾನದಲ್ಲಿ. ‘ಹೋಗು, ಹೋದೆ, ಹೋಗಲ್ಲ’ ಎಂದು ಬಾಲ ಬದಲಾಗುತ್ತಾ ಹೋದರೂ ಕಾಂಜಿ ಅಲ್ಲಾಡುವುದಿಲ್ಲ: ಇಕು, ಇತ್ತ, ಇಕನೈ. ಮೂರರಲ್ಲೂ ಮೊದಲ ‘ಇ’ಗೆ ಅದೇ ಕಾಂಜಿ. ಹಿಂದೆ ತೂಗಾಡುವ ಈ ಹಿರಗಾನ ಬಾಲಕ್ಕೆ ‘ಒಕುರಿಗಾನ’ ಎಂದು ಹೆಸರು. ಚೀನಿ ಭಾಷೆಯಲ್ಲಿ ಪದಕ್ಕೆ ಹೀಗೆ ಬಾಲ ಹತ್ತುವುದಿಲ್ಲ. ಬಾಲವಿಲ್ಲದ ಭಾಷೆಗೆ ಹೊಲಿದ ಅಂಗಿಯನ್ನು ಬಾಲವಿರುವ ಭಾಷೆ ತೊಟ್ಟುಕೊಂಡಿತು, ಹಾಗಾಗಿ ತೇಪೆ ಬೇಕಾಯಿತು.

“ಎಲ್ಲವನ್ನೂ ಹಿರಗಾನದಲ್ಲೇ ಬರೆದರೆ ಆಗಲ್ವಾ?” ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಬರೆದು ನೋಡೋಣ. ‘ತಾಯಿಗೆ ಹೂವು ಇಷ್ಟ’ ಎನ್ನುವುದಕ್ಕೆ ‘ಹಹ ವ ಹನ ಗ ಸುಕಿ’ ಎನ್ನುತ್ತಾರೆ. ಇದರಲ್ಲಿ ಬರುವ ‘ವ’ ಪ್ರತ್ಯಯವನ್ನು ಬರೆಯುವುದು ‘ಹ’ ಅಕ್ಷರದಲ್ಲಿ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಇಲ್ಲ. ಆಗ ಸಾಲು ಹೀಗಾಗುತ್ತದೆ: ಹಹಹಹನಗಸುಕಿ. ತಾಯಿ ಎಲ್ಲಿ, ಹೂವು ಎಲ್ಲಿ? ತಾಯಿಗೊಂದು, ಹೂವಿಗೊಂದು, ಇಷ್ಟಕ್ಕೊಂದು ಕಾಂಜಿ ಹಾಕಿದ ಕೂಡಲೇ ಎಲ್ಲಿಂದ ಎಲ್ಲಿಗೆ ಯಾವ ಪದ ಎಂದು ಕಣ್ಣಿಗೆ ಕಾಣುತ್ತದೆ. ಇನ್ನು, ಒಂದೇ ಉಚ್ಚಾರದ ಪದಗಳೂ ಅಲ್ಲಿ ಜಾಸ್ತಿ. ‘ಕಮಿ’ ಅಂದರೆ ದೇವರು, ಕಾಗದ, ತಲೆಗೂದಲು. ಮೂರಕ್ಕೂ ಬೇರೆ ಬೇರೆ ಕಾಂಜಿ.

ಹಂತ 3: ಪೆನ್ಸಿಲ್ ಹಿಡಿಯಿರಿ

ಗೆರೆ ಎಳೆಯುವುದಕ್ಕೆ ಕ್ರಮ ಇದೆ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಅಡ್ಡ ಮತ್ತು ಉದ್ದ ಗೆರೆ ಒಂದನ್ನೊಂದು ದಾಟುವಾಗ ಸಾಮಾನ್ಯವಾಗಿ ಅಡ್ಡಗೆರೆ ಮೊದಲು. ಚೌಕವನ್ನು ಮುಚ್ಚುವ ಅಡಿಗೆರೆ ಕೊನೆಗೆ. ಅದು ತೀರಾ ಮಡಿ ಅಂತ ಅನ್ನಿಸಬಹುದು. ಆದರೆ ಕ್ರಮ ತಪ್ಪಿದರೆ ಅಕ್ಷರದ ಅಳತೆ ಕೆಡುತ್ತದೆ.

ಬಾಯಿ: ಒಂದು ಚೌಕ. ಎಡಗೆರೆ ಒಂದು. ಮೇಲಿನ ಗೆರೆ ಎಳೆದು ಪೆನ್ಸಿಲ್ ಎತ್ತದೆ ಬಲಕ್ಕೆ ಕೆಳಗಿಳಿಸಿದರೆ ಎರಡು. ಅಡಿಗೆರೆ ಮೂರು. ನಾಲ್ಕು ಬದಿ ಇದ್ದರೂ ಮೂರೇ ಗೆರೆ ಎಂದು ಲೆಕ್ಕ.

ಸೂರ್ಯ: ಬಾಯಿಯನ್ನೇ ಸ್ವಲ್ಪ ಉದ್ದ ಮಾಡಿ, ಮುಚ್ಚುವ ಮೊದಲು ನಡುವೆ ಒಂದು ಅಡ್ಡಗೆರೆ.

ಬೆಟ್ಟ: ನಡುವೆ ಉದ್ದನೆಯ ನೇರ ಗೆರೆ. ಎಡಕ್ಕೆ ಗಿಡ್ಡ ಗೆರೆ, ಕೆಳಗೆ ಮುಟ್ಟಿದ ಮೇಲೆ ಹಾಗೇ ಬಲಕ್ಕೆ ತಿರುಗಿಸಿ ಅಡಿಗೆರೆ. ಕೊನೆಗೆ ಬಲಕ್ಕೆ ಇನ್ನೊಂದು ಗಿಡ್ಡ ಗೆರೆ. ಮೂರು ಶಿಖರ ಬಂತಲ್ಲ?

ಮರ: ಅಡ್ಡಗೆರೆ, ಅದನ್ನು ಸೀಳಿಕೊಂಡು ನೇರ ಗೆರೆ, ಕೂಡಿದ ಜಾಗದಿಂದ ಎಡಕ್ಕೊಂದು, ಬಲಕ್ಕೊಂದು ಇಳಿಯುವ ಓರೆಗೆರೆ.

ಬುಡ: ಮರ ಬರೆದು, ಕಾಂಡದ ಕೆಳಭಾಗಕ್ಕೆ ಅಡ್ಡಲಾಗಿ ಒಂದು ಗಿಡ್ಡ ಗೆರೆ. ‘ಇಗೋ ಇಲ್ಲಿ’ ಎಂದು ಬೇರಿನ ಕಡೆಗೆ ಬೆರಳು ತೋರಿಸಿದ ಹಾಗೆ. ಮೂಲ ಎನ್ನುವ ಅರ್ಥವೂ ಇದಕ್ಕಿದೆ. ಈಗ ಸೂರ್ಯ, ಪಕ್ಕದಲ್ಲಿ ಬುಡ ಬರೆಯಿರಿ. ನೀವು ‘ನಿಹೋನ್’ ಎಂದು ಬರೆದಿರಿ. ಜಪಾನ್! ಸೂರ್ಯ ಹುಟ್ಟುವ ಮೂಲ.

ಗದ್ದೆ: ಚೌಕದೊಳಗೆ ಒಂದು ಕೂಡಿಸುವ ಚಿಹ್ನೆ. ಬದು ಹಾಕಿದ ನಾಲ್ಕು ಮಡಿ. ಬುಡದ ಪಕ್ಕ ಗದ್ದೆ ಬರೆದರೆ ‘ಹೋಂಡ’. ನಮ್ಮ ಬೀದಿಯಲ್ಲಿ ಓಡುವ ಬೈಕಿನ ಹೆಸರು ನಿಜವಾಗಿ ಒಂದು ಮನೆತನದ ಹೆಸರು, ಗದ್ದೆಯಿಂದ ಬಂದದ್ದು. ಯಮಹಾ ಕೂಡ ಮನೆತನವೇ: ‘ಯಮ’ ಅಂದರೆ ಬೆಟ್ಟ, ‘ಹ’ ಅಂದರೆ ಎಲೆ. ಸುಜುಕಿಯಲ್ಲಿ ‘ಸುಜು’ ಗಂಟೆ, ‘ಕಿ’ ಮರ. ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಇದನ್ನು ಯೋಚಿಸುತ್ತಿದ್ದರೆ ಹೊತ್ತು ಹೋಗುತ್ತದೆ.

ಮನುಷ್ಯ: ಮೇಲಿನಿಂದ ಎಡಕ್ಕೆ ಇಳಿಯುವ ಓರೆಗೆರೆ. ಅದರ ನಡುಭಾಗದಿಂದ ಬಲಕ್ಕೆ ಇಳಿಯುವ ಇನ್ನೊಂದು. ಎರಡು ಕಾಲು.

ಒಳಹೋಗು: ಇದೂ ಎರಡೇ ಓರೆಗೆರೆ. ಆದರೆ ಇಲ್ಲಿ ಬಲಗೆರೆ ತಲೆ ಎತ್ತಿ ಎಡಗೆರೆಯ ಮೇಲೆ ಬಾಗಿರುತ್ತದೆ.

ನನ್ನ ಮಾನ ಹೋದದ್ದು ಇಲ್ಲೇ. ‘ಒಳಹೋಗು’ ಮತ್ತು ‘ಬಾಯಿ’ ಸೇರಿದರೆ ‘ಇರಿಗುಚಿ’, ಒಳಗೆ ಹೋಗುವ ಬಾಯಿ. ಬಾವಿಯ ಬಾಯಿ, ಗುಹೆಯ ಬಾಯಿ ಎನ್ನುತ್ತೇವಲ್ಲ, ಹಾಗೆ. ‘ಮನುಷ್ಯ’ ಮತ್ತು ‘ಬಾಯಿ’ ಸೇರಿದರೆ ‘ಜಿಂಕೋ’, ಜನಸಂಖ್ಯೆ. ಉಣ್ಣುವ ಬಾಯಿಗಳ ಲೆಕ್ಕ. ಎಡಗೆರೆ ತಲೆ ಎತ್ತಿದರೆ ಮನುಷ್ಯ, ಬಲಗೆರೆ ತಲೆ ಎತ್ತಿದರೆ ಒಳಗೆ. ಎರಡನ್ನೂ ಹತ್ತು ಹತ್ತು ಸಲ ಬರೆಯಿರಿ. ನನ್ನ ಹಾಗೆ ಆಗಬೇಡಿ.

ಹಂತ 4: ಬಿಡಿಭಾಗ ಗುರುತಿಸಿ

ಇಪ್ಪತ್ತು ಗೆರೆಯ ಕಾಂಜಿ ಕಂಡರೆ ಹೆದರಿಕೆ ಆಗುವುದು ಸಹಜ. ಆದರೆ ಅದರಲ್ಲಿ ಇಪ್ಪತ್ತು ಹೊಸ ವಿಷಯ ಇರುವುದಿಲ್ಲ. ಮೂರೋ ನಾಲ್ಕೋ ಹಳೆಯ ತುಂಡುಗಳಿರುತ್ತವೆ.

ಎರಡು ಮರ ಪಕ್ಕಪಕ್ಕ ನಿಂತರೆ ತೋಪು. ಮೇಲೊಂದು, ಕೆಳಗೆರಡು ಮರ ಇದ್ದರೆ ಕಾಡು. ಮನುಷ್ಯ ಎಡಕ್ಕೆ ಬಂದಾಗ ಜಾಗ ಸಾಲದೆ ನೆಟ್ಟಗೆ ನಿಲ್ಲುತ್ತಾನೆ: ಒಂದು ಓರೆಗೆರೆ, ಅದರ ಕೆಳಗೆ ಒಂದು ನೇರ ಗೆರೆ. ಹೀಗೆ ನಿಂತವನ ಪಕ್ಕ ಮರ ಬರೆದರೆ ‘ವಿಶ್ರಾಂತಿ’. ಮರಕ್ಕೆ ಒರಗಿದವನು. ಮರದ ಜಾಗದಲ್ಲಿ ಬುಡ ಬರೆದರೆ ‘ದೇಹ’. ಒಂದು ಗೆರೆಯ ವ್ಯತ್ಯಾಸ, ನೋಡಿ.

ನನಗೆ ತುಂಬಾ ಇಷ್ಟವಾದದ್ದು ‘ತೋಗೆ’. ಎಡಕ್ಕೆ ಬೆಟ್ಟ, ಬಲಕ್ಕೆ ‘ಮೇಲೆ’ ಎನ್ನುವ ಗುರುತು, ಅದರಡಿ ‘ಕೆಳಗೆ’ ಎನ್ನುವ ಗುರುತು. ಬೆಟ್ಟವನ್ನು ಹತ್ತಿ ಇಳಿಯುವ ಜಾಗ, ಅಂದರೆ ಘಾಟಿ. ಇದು ಚೀನಾದಿಂದ ಬಂದದ್ದಲ್ಲ, ಜಪಾನಿನಲ್ಲೇ ಕಟ್ಟಿದ ಕಾಂಜಿ. ಮೀನಿನ ಪಕ್ಕ ‘ದುರ್ಬಲ’ ಎಂದು ಬರೆದರೆ ‘ಇವಶಿ’, ನಮ್ಮ ಮಂಗಳೂರಿನ ಬೂತಾಯಿ. ಅದೂ ಅಲ್ಲೇ ಹುಟ್ಟಿದ್ದು. ಬೂತಾಯಿ ತಿಂದವರು ಅದನ್ನು ದುರ್ಬಲ ಅಂದರೆ ಒಪ್ಪಲಿಕ್ಕಿಲ್ಲ.

ಇಂಥ ಚಿತ್ರಕಥೆಗಳು ಚೆನ್ನಾಗಿವೆ, ಆದರೆ ಅವನ್ನೇ ನಂಬಿ ಕೂರಬೇಡಿ. ಕಾಂಜಿಗಳಲ್ಲಿ ಹೆಚ್ಚಿನವು ಬೇರೆ ಜಾತಿಯವು. ಒಂದು ತುಂಡು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಉಚ್ಚಾರದ ಸುಳಿವು. ಮೇಲೊಂದು ಅಡ್ಡಗೆರೆ, ಕೆಳಗೊಂದು ಅಡ್ಡಗೆರೆ, ನಡುವೆ ಕಂಬ ಬರೆಯಿರಿ. ಇದು ‘ಕೋ’, ಕಸುಬು. ಇದರ ಎಡಕ್ಕೆ ನೀರಿನ ಮೂರು ಹನಿ ಬಂದರೂ ಉಚ್ಚಾರ ‘ಕೋ’, ಅರ್ಥ ಹೊಳೆ. ನೂಲು ಬಂದರೂ ‘ಕೋ’, ಅರ್ಥ ಕಡುಗೆಂಪು. ಬಣ್ಣ ಹಾಕುವುದು ನೂಲಿಗಲ್ಲವೇ? ಬಲಕ್ಕೆ ‘ಶಕ್ತಿ’ ಬಂದರೂ ‘ಕೋ’, ಅರ್ಥ ಸಾಧನೆ. ಕಸುಬಿಗೂ ಹೊಳೆಗೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಳ್ಳಬೇಡಿ, ಏನೂ ಇಲ್ಲ. ಅದು ಬರೀ ಸದ್ದಿಗಾಗಿ ಬಂದು ನಿಂತಿದೆ. ಈ ಸುಳಿವು ಪ್ರತಿ ಸಲ ಕೈಹಿಡಿಯುವುದಿಲ್ಲ. ಆದರೂ ಗೊತ್ತಿಲ್ಲದ ಕಾಂಜಿ ಎದುರಾದಾಗ ಊಹಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಅರ್ಥದ ಸುಳಿವು ಕೊಡುವ ತುಂಡಿಗೆ ‘ಬುಶು’ ಎನ್ನುತ್ತಾರೆ. ಚೀನಾದಲ್ಲಿ 1716ರಲ್ಲಿ ಬಂದ ಕಾಂಗ್‌ಶಿ ನಿಘಂಟು ಇವುಗಳನ್ನು 214 ಎಂದು ಎಣಿಸಿತು. ಜಪಾನಿನ ನಿಘಂಟುಗಳೂ ಬಹಳ ಮಟ್ಟಿಗೆ ಅದೇ ದಾರಿಯಲ್ಲಿವೆ. ನಿಮಗೆ ಈಗ ನಲವತ್ತು, ಐವತ್ತು ಗೊತ್ತಿದ್ದರೆ ಸಾಕು.

ಹಂತ 5: ಒಂದೇ ಗುರುತು, ನೀರು ಮತ್ತು ಜಲ

ಹೆಚ್ಚಿನವರು ಸೋತು ಪುಸ್ತಕ ಮುಚ್ಚುವುದು ಇಲ್ಲಿ. ಆದರೆ ಕನ್ನಡದವರಿಗೆ ಇದು ಹುಟ್ಟಿನಿಂದಲೇ ಗೊತ್ತಿರುವ ವಿಷಯ.

ಒಂದು ಕಾಂಜಿಗೆ ಸಾಮಾನ್ಯವಾಗಿ ಎರಡು ಬಗೆಯ ಉಚ್ಚಾರ ಇರುತ್ತದೆ. ಜಪಾನಿನ ಸ್ವಂತ ಪದದ ಉಚ್ಚಾರ ‘ಕುನ್‌ಯೋಮಿ’. ಚೀನಾದಿಂದ ಬಂದ ಉಚ್ಚಾರ ‘ಒನ್‌ಯೋಮಿ’. ನೀರಿನ ಕಾಂಜಿಗೆ ಕುನ್ ‘ಮಿಜು’, ಒನ್ ‘ಸುಯಿ’. ಬೆಟ್ಟಕ್ಕೆ ‘ಯಮ’ ಮತ್ತು ‘ಸಾನ್’. ಬೆಂಕಿಗೆ ‘ಹಿ’ ಮತ್ತು ‘ಕ’.

ಈಗ ನಮ್ಮ ಮಾತನ್ನು ನೋಡಿ. ಕುಡಿಯಲು ನೀರು ಕೇಳುತ್ತೇವೆ, ಆದರೆ ಜೋಗಕ್ಕೆ ಜಲಪಾತ ಎನ್ನುತ್ತೇವೆ. ನೀರುಪಾತ ಅನ್ನುವುದಿಲ್ಲ. ಬೆಟ್ಟ ಹತ್ತುತ್ತೇವೆ, ಆದರೆ ಬೆಂಕಿ ಉಗುಳಿದರೆ ಅದು ಅಗ್ನಿಪರ್ವತ. ಒಂಟಿಯಾಗಿದ್ದಾಗ ಮನೆಯ ಪದ, ಜೋಡಿಯಾದಾಗ ಸಂಸ್ಕೃತದ ಪದ. ಜಪಾನಿನಲ್ಲಿ ಆಗುವುದೂ ಅದೇ. ಒಂಟಿಯಾಗಿ ‘ಹಿ’, ಬೆಂಕಿ. ಒಂಟಿಯಾಗಿ ‘ಯಮ’, ಬೆಟ್ಟ. ಎರಡೂ ಸೇರಿದರೆ ‘ಕಜನ್’, ಅಗ್ನಿಪರ್ವತ! ವ್ಯತ್ಯಾಸ ಒಂದೇ. ನಾವು ಬೆಂಕಿ ಮತ್ತು ಅಗ್ನಿಯನ್ನು ಬೇರೆ ಬೇರೆ ಬರೆಯುತ್ತೇವೆ, ಅವರು ಎರಡಕ್ಕೂ ಒಂದೇ ಗುರುತು ಹಾಕುತ್ತಾರೆ.

ಅಂದಹಾಗೆ, ಫುಜಿಸಾನ್ ಎನ್ನುವಾಗಿನ ‘ಸಾನ್’ ಮರ್ಯಾದೆಗೆ ಸೇರಿಸುವ ‘ಸಾನ್’ ಅಲ್ಲ. ಅದು ಪರ್ವತ. ‘ಫುಜಿಯವರು’ ಎಂದು ಅನುವಾದ ಮಾಡಬೇಡಿ.

ಕೆಲವು ಕಾಂಜಿಗೆ ಎರಡು ಒನ್ ಉಚ್ಚಾರ ಯಾಕೆ? ಬೇರೆ ಬೇರೆ ಕಾಲದಲ್ಲಿ, ಚೀನಾದ ಬೇರೆ ಬೇರೆ ಕಡೆಯಿಂದ ಬಂದವು. ನಮ್ಮಲ್ಲಿ ‘ವರ್ಣ’ ಒಂದು ದಾರಿಯಲ್ಲಿ, ‘ಬಣ್ಣ’ ಇನ್ನೊಂದು ದಾರಿಯಲ್ಲಿ ಬಂದು ಎರಡೂ ಉಳಿದುಕೊಂಡ ಹಾಗೆ.

ಊಹಿಸುವ ಸೂತ್ರ ಇಷ್ಟು: ಕಾಂಜಿ ಒಂಟಿಯಾಗಿದ್ದರೆ ಅಥವಾ ಹಿರಗಾನ ಬಾಲ ಇದ್ದರೆ ಕುನ್. ಬಾಲವಿಲ್ಲದೆ ಎರಡು ಕಾಂಜಿ ಜೋಡಿಯಾಗಿದ್ದರೆ ಒನ್. ತಪ್ಪುವ ಸಂದರ್ಭ ಇದ್ದೇ ಇವೆ, ಮೇಲಿನ ‘ಇರಿಗುಚಿ’ಯೇ ಒಂದು. ‘ದೊಡ್ಡ’ ಮತ್ತು ‘ಮನುಷ್ಯ’ ಸೇರಿದರೆ ‘ಒತೊನ’, ವಯಸ್ಕ. ಈ ಉಚ್ಚಾರ ಎರಡರಲ್ಲಿ ಯಾವುದರದ್ದೂ ಅಲ್ಲ, ಜೋಡಿಗೆ ಸೇರಿದ್ದು. ಇಂಥವನ್ನು ಬಾಯಿಪಾಠವೇ ಮಾಡಬೇಕು.

ಮನೆತನದ ಹೆಸರು, ಊರಿನ ಹೆಸರು ಬಂದರಂತೂ ಜಪಾನಿನವರೂ “ಇದನ್ನು ಹೇಗೆ ಓದುವುದು?” ಎಂದು ಕೇಳುತ್ತಾರೆ. ಅರ್ಜಿಗಳಲ್ಲಿ ಹೆಸರಿನ ಮೇಲೆ ಉಚ್ಚಾರ ಬರೆಯಲು ಬೇರೆ ಜಾಗವೇ ಇರುತ್ತದೆ. ಕಾಂಜಿಯ ಮೇಲೆ ಹೀಗೆ ಸಣ್ಣದಾಗಿ ಬರೆಯುವ ಉಚ್ಚಾರಕ್ಕೆ ‘ಫುರಿಗಾನ’ ಎಂದು ಹೆಸರು. ಮಕ್ಕಳ ಪುಸ್ತಕಗಳಲ್ಲಿ ಇದು ಇರುತ್ತದೆ. ನಮ್ಮಂಥವರಿಗೆ ಊರುಗೋಲು.

ಹಂತ 6: ಹೈಸ್ಕೂಲು ವ್ಯಾಕರಣ ನೆನಪಿಸಿಕೊಳ್ಳಿ

‘ಬಾಯಿ’ ಒಂಟಿಯಾಗಿ ‘ಕುಚಿ’, ಆದರೆ ‘ಇರಿಗುಚಿ’ಯಲ್ಲಿ ‘ಗುಚಿ’ ಆಯಿತು. ‘ತೆ’ ಅಂದರೆ ಕೈ, ‘ಕಮಿ’ ಅಂದರೆ ಕಾಗದ, ಸೇರಿದರೆ ‘ತೆಗಮಿ’, ಪತ್ರ. ‘ಹನ’ ಹೂವು, ‘ಹಿ’ ಬೆಂಕಿ, ಸೇರಿದರೆ ‘ಹನಬಿ’, ಪಟಾಕಿಯ ಬಾಣಬಿರುಸು.

ಆದೇಶ ಸಂಧಿ! ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪ ಹೋಗಿ ಗ, ದ, ಬ. ಅಲ್ಲಿ ‘ಹ’ ಹೋಗಿ ‘ಬ’ ಬರುವುದು ಯಾಕೆಂದರೆ ಅದು ಮೂಲದಲ್ಲಿ ‘ಪ’. ಮೊದಲ ಹಂತದಲ್ಲಿ ನೆನಪಿಡಿ ಎಂದಿದ್ದು ಇದಕ್ಕೇ. ಇದಕ್ಕೆ ಅಲ್ಲಿ ‘ರೆಂದಕು’ ಎನ್ನುತ್ತಾರೆ. ನಮ್ಮಲ್ಲಿ ಹೇಗೋ ಅಲ್ಲೂ ಹಾಗೆ, ಎಲ್ಲ ಕಡೆ ಆಗುವುದಿಲ್ಲ.

ಇನ್ನೊಂದು ತಮಾಷೆ. ಸಂಸ್ಕೃತ, ಕನ್ನಡ ಪದ ಸೇರಿಸಿ ಸಮಾಸ ಮಾಡಿದರೆ ಅರಿಸಮಾಸ, ದೋಷ ಎಂದು ಮೇಷ್ಟ್ರು ಹೇಳುತ್ತಿದ್ದರು. ಜಪಾನಿನಲ್ಲೂ ಒನ್ ಮತ್ತು ಕುನ್ ಬೆರೆಸಿದ ಪದಗಳಿಗೆ ಬೇರೆ ಹೆಸರೇ ಇದೆ. ಮೊದಲು ಒನ್, ಆಮೇಲೆ ಕುನ್ ಬಂದರೆ ‘ಜೂಬಕೊಯೋಮಿ’. ತಿರುಗುಮುರುಗಾದರೆ ‘ಯುತೋಯೋಮಿ’. ನೀವು ಬರೆದ ಹೋಂಡ ನೋಡಿ. ‘ಹೋನ್’ ಒನ್ ಉಚ್ಚಾರ, ‘ತ’ ಕುನ್ ಉಚ್ಚಾರ, ಅದು ಆದೇಶವಾಗಿ ‘ದ’. ಒಂದೇ ಬೈಕಿನಲ್ಲಿ ಅರಿಸಮಾಸವೂ ಇದೆ, ಆದೇಶ ಸಂಧಿಯೂ ಇದೆ.

ಎರಡು ಭಾಷೆಗಳು ನೆಂಟರು ಎಂದು ಇದರಿಂದ ತೀರ್ಮಾನ ಮಾಡಬೇಡಿ. ಕಲಿಯಲು ಕೈಗೆ ಸಿಕ್ಕ ಹಿಡಿಕೆ, ಅಷ್ಟೇ.

ಹಂತ 7: ಎಷ್ಟು, ಎಂದು, ಹೇಗೆ

ಜಪಾನಿನ ಸರ್ಕಾರ ದಿನಬಳಕೆಗೆ ಎಂದು ಪಟ್ಟಿಮಾಡಿದ ‘ಜೋಯೋ ಕಾಂಜಿ’ಗಳು 2136. ಈ ಪಟ್ಟಿ 2010ರದ್ದು. ಈ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ಅಲ್ಲಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವುದು 80 ಮಾತ್ರ, ಎರಡನೆಯದರಲ್ಲಿ 160. ಆರನೇ ತರಗತಿ ಮುಗಿಯುವಾಗ ಒಟ್ಟು 1026. ಆ ಮೊದಲ 80ರಿಂದಲೇ ಶುರುಮಾಡಿ. ಮೂರನೇ ಹಂತದಲ್ಲಿ ನೀವು ಬರೆದದ್ದೆಲ್ಲ ಅದರಲ್ಲೇ ಇದೆ.

ನಾನು ಮಾಡಿದ ದೊಡ್ಡ ತಪ್ಪು, ಒಂದೊಂದು ಕಾಂಜಿಗೂ ಒನ್, ಕುನ್ ಪಟ್ಟಿ ಬರೆದು ಉರು ಹೊಡೆದದ್ದು. ಮುನ್ನೂರು ಕಾಂಜಿ ಬಂದರೂ ಹೋಟೆಲಿನ ಮೆನು ಓದಲು ಬರಲಿಲ್ಲ. ಉಚ್ಚಾರವನ್ನು ಬಿಡಿಯಾಗಿ ಕಲಿಯಬೇಡಿ, ಪದದ ಜೊತೆ ಕಲಿಯಿರಿ. ಒಂದು ಕಾಂಜಿಗೆ ಒಂದು ಕುನ್ ಪದ, ಒಂದು ಒನ್ ಪದ ಸಾಕು. ದಿನಕ್ಕೆ ಮೂರು ಕಾಂಜಿ. ಹಿಂದಿನ ದಿನದ್ದನ್ನು ನೋಡದೆ ಬರೆದ ಮೇಲೆಯೇ ಹೊಸದು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಆಂಕಿ ಎಂಬ ಆ್ಯಪ್ ಇದೆ. ಆ ಹೆಸರೇ ಜಪಾನಿಯಲ್ಲಿ ‘ಬಾಯಿಪಾಠ’.

ಮೊದಲ ವಾರಕ್ಕೆ ವಾರದ ದಿನಗಳನ್ನೇ ತೆಗೆದುಕೊಳ್ಳಿ. ಭಾನುವಾರಕ್ಕೆ ಸೂರ್ಯ, ಸೋಮವಾರಕ್ಕೆ ಚಂದ್ರ, ಆಮೇಲೆ ಬೆಂಕಿ, ನೀರು, ಮರ, ಚಿನ್ನ, ಮಣ್ಣು. ಮಂಗಳವಾರಕ್ಕೆ ಬೆಂಕಿ ಯಾಕೆ? ಮಂಗಳ ಗ್ರಹಕ್ಕೆ ಅಲ್ಲಿ ‘ಬೆಂಕಿ ನಕ್ಷತ್ರ’ ಎಂದು ಹೆಸರು. ನಾವೂ ಅಂಗಾರಕ ಎನ್ನುತ್ತೇವೆ, ಅಂಗಾರ ಅಂದರೆ ಕೆಂಡ. ಏಳು ದಿನ, ಏಳು ಗ್ರಹ, ನಮ್ಮ ಲೆಕ್ಕವೇ. ಭಾನುವಾರ ‘ನಿಚಿಯೋಬಿ’. ಈ ಒಂದೇ ಪದದಲ್ಲಿ ಸೂರ್ಯನ ಕಾಂಜಿ ಎರಡು ಸಲ ಬರುತ್ತದೆ. ಮೊದಲು ‘ನಿಚಿ’, ಕೊನೆಗೆ ‘ಬಿ’. ‘ಬಿ’ ಎಲ್ಲಿಂದ ಬಂತು? ದಿನ ಎನ್ನುವುದಕ್ಕೆ ಕುನ್ ಉಚ್ಚಾರ ‘ಹಿ’. ಉಳಿದದ್ದು ಆರನೇ ಹಂತ ಓದಿದ ನಿಮಗೆ ಗೊತ್ತು.

ಪರೀಕ್ಷೆ ಬರೆಯುವ ಆಸೆ ಇದ್ದರೆ ಜಪಾನಿ ಭಾಷೆಯ ಮಟ್ಟ ಅಳೆಯುವ ಜೆಎಲ್‌ಪಿಟಿ ಇದೆ, ಜುಲೈ ಮತ್ತು ಡಿಸೆಂಬರ್‌ನಲ್ಲಿ. ಬೆಂಗಳೂರಿನಲ್ಲೂ ಕೇಂದ್ರ ಇದೆ. ಐದು ಮಟ್ಟಗಳಲ್ಲಿ ಎನ್5 ಎಲ್ಲಕ್ಕಿಂತ ಸುಲಭ. ಅದರಲ್ಲಿ ಕಾಂಜಿಯನ್ನು ಗುರುತಿಸಿದರೆ ಸಾಕು, ಕೈಯಲ್ಲಿ ಬರೆಯುವುದು ಬೇಕಿಲ್ಲ.

“ಹಾಗಾದರೆ ಕೈಬರಹ ಯಾಕೆ, ಮೊಬೈಲ್ ಇದೆಯಲ್ಲ?” ಎನ್ನಬಹುದು. ಟೈಪ್ ಮಾಡಿ ಮಾಡಿಯೇ ಕೈಬರಹ ಮರೆತವರನ್ನು ಗೇಲಿ ಮಾಡಲು ಜಪಾನಿಯಲ್ಲಿ ಮಾತೇ ಇದೆ: ‘ವಾಪುರೊ ಬಕ’, ಟೈಪಿಂಗ್ ಯಂತ್ರದ ದಡ್ಡ. ಆದರೂ ಮೊಬೈಲ್ ಒಳ್ಳೆಯ ಮೇಷ್ಟ್ರು. ಜಪಾನಿ ಕೀಬೋರ್ಡ್ ಹಾಕಿಕೊಂಡು ‘ಇರಿಗುಚಿ’ ಎಂದು ಟೈಪ್ ಮಾಡಿ. ಮೊದಲು ಹಿರಗಾನ ಬರುತ್ತದೆ, ಕೆಳಗೆ ಕಾಂಜಿಯ ಆಯ್ಕೆಗಳು ಸಾಲಾಗಿ ನಿಲ್ಲುತ್ತವೆ. ಆಮೇಲೆ ‘ಜಿಂಕೋ’ ಟೈಪ್ ಮಾಡಿ. ಎರಡನ್ನೂ ದೊಡ್ಡದು ಮಾಡಿ, ನಿಮ್ಮ ಹಾಳೆಯ ಪಕ್ಕ ಇಟ್ಟು ನೋಡಿ. ಬಲಗೆರೆ ತಲೆ ಎತ್ತಿದೆಯೋ, ಎಡಗೆರೆಯೋ?